ಬಣ್ಣ ಕುಡಿಯುವ ಮಣ್ಣು

ಫೆಬ್ರವರಿ 4

ಅಕ್ಕ,

ಸದಾ ಕುಂಯ್‌ಗುಡುತ್ತಿದ್ದ ನಿನ್ನ ತಂಗಿ ಪಿಟೀಲಿಗೆ ಬಡ್ತಿ ಸಿಕ್ಕಿದೆ! ಕಳೆದ ಸೋಮವಾರದಿಂದ ಆಸಿಡ್ ವಿಭಾಗ ಪೂರ್ತಿ ನನ್ನದು. ರಸಾಯನಶಾಸ್ತ್ರವನ್ನು ಎರಡು ಸಲ ಬರೆದು ಪಾಸಾದವಳ ಕೈಗೆ ಅಷ್ಟು ದೊಡ್ಡ ತೊಟ್ಟಿಗಳನ್ನು ಕೊಟ್ಟಿದ್ದಾರಲ್ಲ ಎಂದು ನೀನು ನಗುತ್ತಿರಬಹುದು. ನಗು. ಮೊದಲ ದರ್ಜೆಯವರಿಗೆ ನಗುವ ಹಕ್ಕಿದೆ.

ನಿಮ್ಮ ಅಡುಗೆ ಎಣ್ಣೆಯ ರಿಫೈನರಿಯಲ್ಲಿ ನೀನು ನೋಡುವುದು ಮೂಟೆಯಲ್ಲಿ ಬಂದ ಬೂದು ಪುಡಿಯನ್ನು ಮಾತ್ರ. ಅದಕ್ಕೆ ಮೊದಲು ಅದು ಪಡುವ ಪಾಡನ್ನು ಒಮ್ಮೆ ಬಂದು ನೋಡಬೇಕು ನೀನು. ಗಣಿಯಿಂದ ಬಂದ ಜೇಡಿಮಣ್ಣಿನ ಹೆಂಟೆಗಳನ್ನು ಪುಡಿ ಮಾಡಿ, ನೀರಿನಲ್ಲಿ ಕಲಸಿ, ಕುದಿಯುವ ಆಸಿಡ್‌ನಲ್ಲಿ ಗಂಟೆಗಟ್ಟಲೆ ತಿರುಗಿಸುತ್ತೇವೆ. ಆಸಿಡ್ ಒಳಗೆ ನುಗ್ಗಿ ಬೇಡದ್ದನ್ನೆಲ್ಲ ಕರಗಿಸಿಕೊಂಡು ಹೊರಬರುತ್ತದೆ. ಉಳಿಯುವುದು ಮೈತುಂಬ ಕಣ್ಣಿಗೆ ಕಾಣದ ತೂತುಗಳಿರುವ ಮಣ್ಣು. ನಿಮ್ಮ ತಾಳೆ ಎಣ್ಣೆಯ ಕೆಂಪನ್ನು ಕುಡಿಯುವುದು ಆ ತೂತುಗಳೇ. ಆಮೇಲೆ ತೊಳೆಯುವುದು, ಒಣಗಿಸುವುದು, ಬೀಸುವುದು. ಸಂಜೆ ಮನೆಗೆ ಹೋದರೆ ನನ್ನ ಸೀರೆಯ ಸೆರಗಲ್ಲಿ ಎರಡು ಹೊಸ ತೂತು. ಆಸಿಡ್‌ಗೆ ಮಣ್ಣೂ ಒಂದೇ, ನಾನೂ ಒಂದೇ.

ಮೀಸೆಯಣ್ಣನ ಲಾರಿಯಲ್ಲಿ ಇವತ್ತು ಬರುತ್ತಿರುವ ಮೂಟೆಗಳಲ್ಲಿ ನೀಲಿ ದಾರದಲ್ಲಿ ಹೊಲಿದವು ನನ್ನವು. ನನ್ನದೇ ಹದ. ಆಸಿಡ್‌ನಲ್ಲಿ ಮೊದಲಿಗಿಂತ ಹೆಚ್ಚು ಹೊತ್ತು ಬಿಟ್ಟಿದ್ದೇನೆ, ಮುಖಕ್ಕೆ ಹಚ್ಚುವ ಪೌಡರಿನಷ್ಟು ನುಣ್ಣಗೆ ಬೀಸಿಸಿದ್ದೇನೆ. ನೀನೇ ಪರೀಕ್ಷೆ ಮಾಡಬೇಕು. ಬೇರೆ ಯಾರು ಹೊಗಳಿದರೂ ನನಗೆ ಅರ್ಧ ಹೊಟ್ಟೆ.

ಉತ್ತರವನ್ನು ಅಂಚೆಗೆ ಹಾಕಬೇಡ, ಮೀಸೆಯಣ್ಣನ ಕೈಗೇ ಕೊಡು. ಅಪ್ಪನಿಗೆ ಬಡ್ತಿಯ ವಿಷಯ ಹೇಳು. ಎಡಗಿವಿಯ ಹತ್ತಿರ ಕೂಗಿ ಹೇಳು.

ನಿನ್ನ
ಪಿಟೀಲು


ಫೆಬ್ರವರಿ 13

ಪಿಟೀಲು,

ಪತ್ರವೂ ಬಂತು, ಮಣ್ಣೂ ಬಂತು. ಬಡ್ತಿಯ ವಿಷಯ ತಿಳಿದು ಸಂತೋಷ.

ನಿನ್ನ ಮಣ್ಣನ್ನು ನೋಡಿದೆ. ಎಂದಿನಂತೆ ಎಣ್ಣೆ ಕಾಯಿಸಿ, ಪಾತ್ರೆಯ ಗಾಳಿಯನ್ನೆಲ್ಲ ಹೊರಗೆಳೆದು, ಮಣ್ಣು ಬೆರೆಸಿ ತಿರುಗಿಸಿ, ಸೋಸಿದೆ. ಬಣ್ಣ ಪರವಾಗಿಲ್ಲ. ಆದರೆ ತೊಂದರೆಗಳಿವೆ. ಆಸಿಡ್ ಪೂರ್ತಿ ತೊಳೆದು ಹೋಗಿಲ್ಲ, ಎಣ್ಣೆಯ ಹುಳಿ ಏರುತ್ತಿದೆ. ಅದಕ್ಕಿಂತ ಮುಖ್ಯವಾಗಿ, ಪುಡಿ ತೀರಾ ನುಣುಪು. ಸೋಸುವ ಜಾಲರಿಗೆ ಅಂಟಿಕೊಂಡು ಎಣ್ಣೆಯನ್ನು ಇಳಿಯಲು ಬಿಡುವುದಿಲ್ಲ. ಪ್ರಯೋಗಾಲಯದ ಒಂದು ಬಾಟಲಿಗೆ ಇದು ನಡೆಯುತ್ತದೆ, ಇಡೀ ಕಾರ್ಖಾನೆಗೆ ನಡೆಯುವುದಿಲ್ಲ. ಮುಂದಿನ ಸಲ ಇನ್ನೊಮ್ಮೆ ತೊಳಿ. ಸ್ವಲ್ಪ ತರಿತರಿಯಾಗಿ ಬೀಸು.

ಅಪ್ಪನಿಗೆ ಹೇಳಿದೆ. ಆ ಎಣ್ಣೆಯನ್ನು ತಂದು ತೋರಿಸು ಎಂದು ಹಟ ಹಿಡಿದರು. ಬಾಟಲಿಯಲ್ಲಿ ತಂದುಕೊಟ್ಟೆ. ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. "ನೋಡೇ, ರಕ್ತದ ಥರ ಇದ್ದದ್ದನ್ನ ನೀರಿನ ಥರ ಮಾಡಿದ್ದಾಳೆ ನನ್ನ ಮಗಳು" ಎಂದರು. ಪಕ್ಕದ ಮನೆಯವರನ್ನು ಕರೆದು ತೋರಿಸಿದರು, ಮೇಲಿನ ಮನೆಯವರನ್ನೂ ಕರೆದರು. ಬೇಯಿಸಿಟ್ಟ ಊಟ ಆರಿಹೋಯಿತು.

ಆ ಎಣ್ಣೆಯ ಬಣ್ಣ ತೆಗೆಯುವ ಕೆಲಸವನ್ನು ನಾನು ಹದಿನೇಳು ವರ್ಷದಿಂದ ಮಾಡುತ್ತಿದ್ದೇನೆ. ಒಂದು ಬಾಟಲಿ ತಾ ಎಂದು ಅವರು ಯಾವತ್ತೂ ಕೇಳಿದವರಲ್ಲ. ಇರಲಿ.

ಅಕ್ಕ


ಫೆಬ್ರವರಿ 22

ಅಕ್ಕ,

ಪರವಾಗಿಲ್ಲವಾ?

ಮೀಸೆಯಣ್ಣ ಲಾರಿಯಿಂದ ಇಳಿಯುವ ಮೊದಲೇ ಕೂಗಿದ: "ಮೇಡಮ್ಮೋರೇ, ನಿಮ್ಮ ಎಣ್ಣೆ ಬಾಟ್ಲಿನ ಅಲ್ಲಿ ಮ್ಯಾನೇಜರ್ರು ಟೇಬಲ್ ಮೇಲಿಟ್ಟು ಕೂತವ್ರೆ! ಬಂದೋರಿಗೆಲ್ಲ ತೋರಿಸ್ತಾರೆ. ಈ ಕಾರ್ಖಾನೇಲಿ ಇಷ್ಟು ತಿಳಿಯಾದ ಎಣ್ಣೆ ಇಳಿದೇ ಇಲ್ವಂತೆ." ಅದೇ ಲಾರಿಯಲ್ಲಿ ನಿನ್ನ ಪತ್ರವೂ ಬಂತು. ಅದರಲ್ಲಿ 'ಪರವಾಗಿಲ್ಲ' ಎಂಬ ಒಂದು ಮಾತು, ಅದರ ಬೆನ್ನಿಗೇ ತಪ್ಪುಗಳ ಸಾಲು.

ಅಕ್ಕ, ನಾನು ಚಿಕ್ಕವಳಲ್ಲ. ಹೊಟ್ಟೆಕಿಚ್ಚಿನ ವಾಸನೆ ನನಗೂ ಗೊತ್ತಾಗುತ್ತದೆ, ನಾನೂ ಅದರಲ್ಲೇ ಬೆಳೆದವಳು. ಶಾಲೆಯಲ್ಲಿ ನನ್ನ ಹೆಸರು ಹಿಡಿದು ಕರೆದವರು ಯಾರು? 'ಅವಳ ತಂಗಿ' ಅಂತಲೇ ಕರೆದರು. ನೀನು ಬಿಟ್ಟ ಪುಸ್ತಕ, ನೀನು ಬಿಟ್ಟ ಲಂಗ, ನೀನು ಬಿಟ್ಟ ಬೆಂಚು. ಅಮ್ಮ ಹೋದಮೇಲೆ ಬಂದವರೆಲ್ಲ ನಿನ್ನ ತಲೆ ಸವರಿ "ಪಾಪ, ಎಷ್ಟು ಜವಾಬ್ದಾರಿ" ಅಂದರು. ಅಮ್ಮ ನನಗೂ ಹೋಗಿದ್ದಳು. ಇಲ್ಲಿ, ಈ ಆಸಿಡ್ ಹೊಗೆಯಲ್ಲಿ, ಮೊದಲ ಸಲ ನಾನು ಯಾರ ತಂಗಿಯೂ ಅಲ್ಲ. ಅಷ್ಟನ್ನೂ ನೀನು ಸಹಿಸಲಾರೆ.

ಇನ್ನೊಮ್ಮೆ ತೊಳೆಯುವುದಿಲ್ಲ. ತರಿಯಾಗಿ ಬೀಸುವುದೂ ಇಲ್ಲ. ನಿಮ್ಮ ಮ್ಯಾನೇಜರ್ ಇದೇ ಮಣ್ಣನ್ನು ಇಡೀ ಕಾರ್ಖಾನೆಗೆ ಕೇಳಿದ್ದಾರೆ.

ಪಿಟೀಲು


ಮಾರ್ಚ್ 3

ಪಿಟೀಲು,

ಹೌದು, ಹೊಟ್ಟೆ ಉರಿಯಿತು. ಬಾಟಲಿ ತಂದುಕೊಟ್ಟ ದಿನ ಅಡುಗೆಮನೆಯಲ್ಲಿ ಪಾತ್ರೆಗಳನ್ನು ಕುಕ್ಕಿ ಕುಕ್ಕಿ ಇಟ್ಟೆ. ಅಪ್ಪನಿಗೆ ಕೇಳಿಸುವುದಿಲ್ಲ ಎಂಬ ಧೈರ್ಯ. ಈಗ ಸಮಾಧಾನವಾಯಿತಾ?

ಆದರೆ ಇದನ್ನೂ ಓದು. ನಿನ್ನ ಮಣ್ಣನ್ನು ನಾನು ಒಂದು ಸಲವಲ್ಲ, ಮೂರು ಸಲ ಪರೀಕ್ಷೆ ಮಾಡಿದೆ. ಜಾಲರಿ ಕಟ್ಟಿಕೊಂಡದ್ದು ಮೊದಲ ಸಲವೇ ಕಂಡಿತ್ತು. ಕಂಡದ್ದು ನಿಜವಾ, ಅಥವಾ ಹಾಗೆ ಕಾಣಲಿ ಎಂದು ನನ್ನ ಮನಸ್ಸು ಬಯಸುತ್ತಿದೆಯಾ ಎಂದು ನನಗೇ ಅನುಮಾನ. ಎರಡನೆಯ ಸಲವೂ ಕಟ್ಟಿತು. ಮೂರನೆಯ ಸಲ ಬೇರೆಯವರ ಕೈಯಲ್ಲಿ ಮಾಡಿಸಿದೆ, ಆಗಲೂ ಕಟ್ಟಿತು.

ನಿನ್ನೆ ಮೀಟಿಂಗ್ ಇತ್ತು. ಸೋಮವಾರದಿಂದ ದೊಡ್ಡ ಪಾತ್ರೆಗಳಿಗೆಲ್ಲ ನಿನ್ನ ಮಣ್ಣೇ ಎಂದು ಮ್ಯಾನೇಜರ್ ಹೇಳಿದರು. ಸೋಸುವುದು ನಿಧಾನವಾಗುತ್ತದೆ ಎಂದು ನಾನು ಬಾಯಿ ತೆರೆದೆ. ಅವರು ನಕ್ಕು, "ಏನ್ ಮೇಡಂ, ಮನೆ ಜಗಳನ ಕಾರ್ಖಾನೆಗೆ ತಂದ್ರಾ? ತಂಗಿ ಮೇಲೆ ಹೊಟ್ಟೆಕಿಚ್ಚಾ?" ಎಂದರು. ಎಲ್ಲರೂ ನಕ್ಕರು. ತಮಾಷೆಗೇ ಅಂದದ್ದು. ಆದರೆ ಅದು ನಿಜವೂ ಆಗಿತ್ತಲ್ಲ, ನನ್ನ ಬಾಯಿ ಕಟ್ಟಿಹೋಯಿತು.

ನಿನ್ನಿಷ್ಟದಂತೆಯೇ ಆಗಿದೆ. ಚೆನ್ನಾಗಿರು.

ಅಕ್ಕ


ಮಾರ್ಚ್ 20

ಅಕ್ಕ,

ಎರಡು ಲಾರಿ ಬಂದವು, ನಿನ್ನ ಪತ್ರವಿಲ್ಲ. ನಾನೇ ಸೋತು ಬರೆಯುತ್ತಿದ್ದೇನೆ.

ಒಂದು ವಿಷಯವನ್ನು ಬೇರೆಯವರ ಬಾಯಿಂದ ನೀನು ಕೇಳಬಾರದು. ನಿಮ್ಮ ಮ್ಯಾನೇಜರ್ ಇಲ್ಲಿಗೆ ಬಂದಿದ್ದರು. ತೊಟ್ಟಿಗಳನ್ನೆಲ್ಲ ನೋಡಿದರು. ಹೋಗುವಾಗ, "ನಮ್ಮಲ್ಲಿಗೇ ಬಂದ್ಬಿಡಿ. ಬ್ಲೀಚಿಂಗ್, ಲ್ಯಾಬು ಎಲ್ಲದಕ್ಕೂ ಒಬ್ಬರು ಮುಖ್ಯಸ್ಥರು ಬೇಕು" ಎಂದರು. ಲ್ಯಾಬ್ ಎಂದರೆ ನೀನು, ಬಣ್ಣ ತೆಗೆಯುವ ಬ್ಲೀಚಿಂಗ್ ಎಂದರೂ ನೀನು. ನಾನು "ಅಲ್ಲಿ ನಮ್ಮಕ್ಕ ಇದ್ದಾರಲ್ಲ" ಎಂದೆ. ಅವರು "ಇರ್ತಾರೆ, ನಿಮ್ಮ ಕೈಕೆಳಗೆ" ಎಂದರು.

ನಾನು ಒಪ್ಪಿಕೊಂಡಿಲ್ಲ. ಬೇಡ ಎಂದೂ ಹೇಳಿಲ್ಲ. ನಿನಗೆ ಸುಳ್ಳು ಹೇಳಿ ದಕ್ಕಿಸಿಕೊಳ್ಳಲಾರೆ: ಆ ಮಾತು ಕೇಳಿದ ಆ ಕ್ಷಣ ಕುಣಿಯಬೇಕು ಎನಿಸಿತು.

ನೀನು ಏನನ್ನುತ್ತೀಯ? ನಿನ್ನ ಮನಸ್ಸಲ್ಲಿ ಇರುವುದನ್ನು ಬರಿ. ಬೈದರೂ ಸರಿ, ಉದ್ದಕ್ಕೆ ಬೈ.

ಪಿಟೀಲು


ಮಾರ್ಚ್ 30

ಪಿಟೀಲು,

ಕೆಲಸ ಜಾಸ್ತಿ. ಬರೆಯಲು ಆಗುತ್ತಿಲ್ಲ. ಆ ಜಾಗ ಬೇಕಿದ್ದರೆ ಬಾ. ಅಪ್ಪ ಚೆನ್ನಾಗಿದ್ದಾರೆ.

ಅಕ್ಕ


ಏಪ್ರಿಲ್ 5

ಅಕ್ಕ,

ನಾಲ್ಕು ಮಾತು! ಅದೂ ಕೋಳಿ ಕೆದಕಿದ ಹಾಗೆ. ನಿನ್ನ ಮುತ್ತಿನಂಥ ಅಕ್ಷರವನ್ನು ತೋರಿಸಿ ತೋರಿಸಿ ಮೇಷ್ಟ್ರುಗಳು ನನಗೆ ಹೊಡೆದಿದ್ದರು. ಆ ಅಕ್ಷರವನ್ನೂ ನನಗಾಗಿ ಖರ್ಚು ಮಾಡಲು ಮನಸ್ಸಿಲ್ಲವಾ? ಬಸ್ಸಲ್ಲಿ ಕೂತು, ತೊಡೆಯ ಮೇಲೆ ಕಾಗದ ಇಟ್ಟುಕೊಂಡು, ತೊಲಗಲಿ ಪೀಡೆ ಎಂದು ಗೀಚಿದ್ದೀಯ. ಇಷ್ಟೊಂದು ಉರಿಯಾ ನಿನಗೆ? ಹಾಗಿದ್ದರೆ ಕೇಳು. ಬರುತ್ತೇನೆ. ಆ ಕುರ್ಚಿಯಲ್ಲಿ ಕೂರುತ್ತೇನೆ. ದಿನಾ ಬೆಳಿಗ್ಗೆ ನಿನ್ನ ಪರೀಕ್ಷೆಗಳ ಫಲಿತಾಂಶವನ್ನು ನನ್ನ ಮುಂದೆ ತಂದಿಡುವೆಯಂತೆ, ನಾನು ನೋಡಿ "ಪರವಾಗಿಲ್ಲ" ಎನ್ನುತ್ತೇನೆ.

ಅದೇ ದಿನ, ಸಂಜೆ

ಮೇಲಿನದನ್ನು ಬರೆದು ಮಡಚಿ ಮೀಸೆಯಣ್ಣನಿಗೆ ಕೊಡಲು ಹೋದೆ. ಅವನು ಕಾಗದವನ್ನು ಇಸಿದುಕೊಳ್ಳಲಿಲ್ಲ. "ಅಕ್ಕೋರ ಕೈ ಹೆಂಗದೆ ಅಂತ ಕೇಳೋದೇ ಇಲ್ವಾ ನೀವು?" ಎಂದ. ಯಾವ ಕೈ ಎಂದೆ. ಅವನು ನನ್ನ ಮುಖವನ್ನೇ ನೋಡಿ, ಬಳಸಿ ಬಿಸಾಡಿದ ನನ್ನ ಮಣ್ಣಿನ ಗುಡ್ಡೆಗೆ ತಾನಾಗಿಯೇ ಬೆಂಕಿ ಹತ್ತಿದ್ದನ್ನೆಲ್ಲ ಹೇಳಿದ.

ಅಕ್ಕ, ಮೊಣಕೈವರೆಗೆ ಸುಟ್ಟ ಕೈ ಇಟ್ಟುಕೊಂಡು "ಕೆಲಸ ಜಾಸ್ತಿ" ಎಂದು ಬರೆದೆಯಲ್ಲೇ!

ಈಗಲೇ ಲಾರಿ ಹತ್ತಿ ಬರಬೇಕು ಎಂದು ಚಪ್ಪಲಿ ಹಾಕಿಕೊಂಡು ಅಂಗಳದವರೆಗೂ ಬಂದೆ. ಅಲ್ಲಿ ನೀಲಿ ದಾರದ ಮೂಟೆಗಳು ಪೇರಿಸಿದ್ದವು. ಅದೇ ಮಣ್ಣು ಇನ್ನೆರಡು ಕಾರ್ಖಾನೆಗಳಿಗೆ ಹೋಗಿದೆ. ಅಲ್ಲೂ ಬಳಸಿ ಬಿಸಾಡಿದ ಮಣ್ಣು ರಾಶಿ ಬಿದ್ದಿರುತ್ತದೆ. ನಾನು ಮೊದಲು ಅಲ್ಲಿಗೆ ಹೊರಟಿದ್ದೇನೆ. ರಾಶಿಗಳನ್ನು ಹರಡಿಸಿ ನೀರು ಹೊಡೆಸದೆ ನನಗೆ ಬೇರೆ ದಾರಿ ಇಲ್ಲ. ನಮ್ಮ ಬೀಸುವ ಯಂತ್ರವನ್ನು ನಿಲ್ಲಿಸಿದ್ದೇನೆ.

ಮೇಲಿನದನ್ನು ಹರಿದು ಹಾಕುತ್ತಿಲ್ಲ. ನಾನು ಎಂಥವಳು ಎಂದು ನಿನಗೆ ಗೊತ್ತಿರಲಿ.

ಪಿಟೀಲು


ಏಪ್ರಿಲ್ 14

ಪಿಟೀಲು,

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಕೋಳಿ ಇದಕ್ಕಿಂತ ಚೆನ್ನಾಗಿ ಕೆದಕುತ್ತದೆ. ದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ಬರೆದದ್ದು ಇದು, ಹಾಗಾಗಿ ಒಂದು ಕಡೆ ಕೋಪ, ಇನ್ನೊಂದು ಕಡೆ ನಗು ಕಂಡರೆ ಹೊಂದಿಸಿಕೋ.

ಆದದ್ದು ಹೀಗೆ. ನಿನ್ನ ಮಣ್ಣಿಗೆ ಫಿಲ್ಟರುಗಳು ನಿಧಾನವಾದವು. ಎಣ್ಣೆಯ ಟ್ಯಾಂಕರುಗಳು ಹೊರಗೆ ಸಾಲುಗಟ್ಟಿ ನಿಂತವು. ಸೋಸಿ ಮುಗಿದಮೇಲೆ ಜಾಲರಿಯ ಮೇಲಿನ ಮಣ್ಣಿಗೆ ಹಬೆ ಹಾಯಿಸಿ ಉಳಿದ ಎಣ್ಣೆಯನ್ನು ಹಿಂಡಿ ತೆಗೆಯುತ್ತೇವಲ್ಲ, ಆ ಹೊತ್ತನ್ನು ಅರ್ಧಕ್ಕೆ ಇಳಿಸಿ ಎಂದು ಮ್ಯಾನೇಜರ್ ಹೇಳಿದರು. ನನಗೆ ಅದು ಸರಿ ಕಾಣಲಿಲ್ಲ. ಆಗಲೂ ಸುಮ್ಮನಿದ್ದೆ. ಎಣ್ಣೆ ಒಸರುವ ಮಣ್ಣೇ ಹೊರಬಿತ್ತು. ಹರಡಲು ಜಾಗವಿಲ್ಲದೆ ಹಿಂದಿನ ಶೆಡ್ಡಿನಲ್ಲಿ ಗುಡ್ಡೆ ಹಾಕಿದರು. ಎಣ್ಣೆ ಕುಡಿದ ಮಣ್ಣು ಗಾಳಿ ತಾಗಿ ಒಳಗೊಳಗೇ ಕಾಯುತ್ತದೆ. ಮೇಲೆ ನೋಡಿದರೆ ತಣ್ಣಗೆ.

ಮಾರ್ಚ್ 24ರ ಮಧ್ಯಾಹ್ನ ಉದ್ದಣ್ಣ, ನಮ್ಮ ಫಿಲ್ಟರ್ ತೊಳೆಯುವವನು, ಗುಡ್ಡೆಯಿಂದ ಹೊಗೆ ಬರುತ್ತಿದೆ ಎಂದು ಗುದ್ದಲಿ ಹಿಡಿದು ಮೇಲೆ ಹತ್ತಿದ. ನಾನು "ಇಳಿಯೋ, ಕೆದಕಬೇಡ!" ಎಂದು ಕೂಗುತ್ತ ಓಡಿದೆ. ಅಷ್ಟರಲ್ಲಿ ಅವನ ಕಾಲು ಮಂಡಿಯವರೆಗೆ ಹೂತು, ಅಲ್ಲಿಂದ ಬೆಂಕಿ ಎದ್ದಿತು. ಎರಡು ಕೈಯಲ್ಲೂ ಅವನ ಕಾಲು ಹಿಡಿದು ಎಳೆದೆ. ಬಲಗೈ ಒಳಗೆ ಹೋಯಿತು. ಉದ್ದಣ್ಣನ ಕಾಲು ಉಳಿದಿದೆ. ಕೋಲು ಊರಿಕೊಂಡು ನಡೆಯುತ್ತಾನೆ, ನನ್ನನ್ನು ನೋಡಿದಾಗಲೆಲ್ಲ ಅಳುತ್ತಾನೆ, ಅವನನ್ನು ಸಂಭಾಳಿಸುವುದೇ ಒಂದು ಕೆಲಸ.

ನಿನಗೆ ಯಾಕೆ ಬರೆಯಲಿಲ್ಲ? ಬರೆಯಲು ಕೂತರೆ ಎಡಗೈ ಮೊದಲು ಬರೆಯುತ್ತಿದ್ದದ್ದು ಒಂದೇ ಮಾತು: ನಾನು ಹೇಳಿರಲಿಲ್ಲವಾ? ಬೆಂಕಿ ಎದ್ದ ಆ ಕ್ಷಣದಲ್ಲೂ ನನ್ನೊಳಗೆ ಯಾರೋ ಅದನ್ನೇ ಅಂದರು, ಸಂತೋಷದಿಂದ ಅಂದರು. ಆ ಒಳಗಿನವಳ ಮುಖ ನಿನಗೆ ತೋರಿಸಬಾರದು ಎಂದು ಸುಮ್ಮನಾದೆ.

ಇನ್ನೊಂದು ವಿಷಯ. ಮ್ಯಾನೇಜರ್ ಆಸ್ಪತ್ರೆಗೆ ಬಂದರು. ಹಣ್ಣಿನ ಚೀಲವನ್ನು ಮಂಚದ ಮೇಲಿಟ್ಟು, ಕುರ್ಚಿಯನ್ನು ಹತ್ತಿರ ಎಳೆದುಕೊಂಡರು.

"ಮೇಡಂ, ವಿಚಾರಣೆ ಆಗುತ್ತೆ. ತಪ್ಪೆಲ್ಲ ಆ ಮಣ್ಣಿಂದು ಅಂತ ಹೇಳ್ಬಿಡಿ. ನಿಮ್ಮ ತಂಗಿ ಇಲ್ಲಿಗೆ ಬರೋ ಮಾತೂ ಅಲ್ಲಿಗೆ ಮುಗೀತು. ಆ ಜಾಗ ನಿಮ್ಮದೇ."

ನರ್ಸ್ ಬಂದು ನನಗೆ ನೀರು ಕುಡಿಸಿದಳು. ಆ ಲೋಟ ಮುಗಿಯುವಷ್ಟರಲ್ಲಿ ನಾನು ಆ ಕುರ್ಚಿಯಲ್ಲಿ ಕೂತೂ ಆಗಿತ್ತು, ಅಪ್ಪನಿಗೆ ಸುದ್ದಿ ಹೇಳಿಯೂ ಆಗಿತ್ತು, ನಿನ್ನ ಸಪ್ಪೆ ಮುಖವನ್ನು ನೋಡಿಯೂ ಆಗಿತ್ತು. ಎಷ್ಟು ರುಚಿಯಾಗಿತ್ತು ಗೊತ್ತಾ? ಆಮೇಲೆ ಲೋಟ ಖಾಲಿಯಾಯಿತು.

"ಸಾರ್, ಮಣ್ಣು ನುಣುಪು ಅಂತ ನಿಮಗೆ ಗೊತ್ತಿತ್ತು. ಹಬೆ ಕಮ್ಮಿ ಮಾಡಿಸಿದ್ದು ನೀವು, ನೋಡ್ಕೊಂಡು ಸುಮ್ನಿದ್ದೋಳು ನಾನು. ವಿಚಾರಣೇಲಿ ಇಷ್ಟೇ ಹೇಳೋದು" ಎಂದೆ. ಹಾಗೇ ಹೇಳಿದೆ ಕೂಡ. ಅವರನ್ನು ಬೇರೆ ಕಡೆಗೆ ಹಾಕಿದ್ದಾರೆ. ಆ ಮುಖ್ಯಸ್ಥರ ಜಾಗ ಮಾತ್ರ, ರಾಶಿಗಳನ್ನು ಹರಡಿಸಲು ನೀನೇ ಓಡಿದ್ದನ್ನು ಕೇಳಿ, ನಿನಗೇ ಎಂದು ಮಾಲೀಕರು ಹೇಳಿದ್ದಾರೆ. ನನ್ನನ್ನೇ ಕರೆದು, "ನಿಮ್ಮ ತಂಗಿಗೆ ನೀವೇ ಬರೀರಿ" ಎಂದರು. ಬರೆಯುತ್ತಿದ್ದೇನೆ. ಬಾ. ಈ ಒಂದಕ್ಷರಕ್ಕೆ ಅರ್ಧ ದಿನ ಹಿಡಿಯಿತು, ಎಡಗೈಯ ತಪ್ಪಲ್ಲ.

ನನ್ನ ಹತ್ತಿರ ಓಡಿ ಬರದೆ ಆ ಎರಡು ಕಾರ್ಖಾನೆಗೆ ಹೋದೆಯಲ್ಲ, ಅದು ಸರಿಯಾದ ಕೆಲಸ. ಅದಕ್ಕೂ ನನಗೆ ಹೊಟ್ಟೆ ಉರಿಯಿತು. ನಾನಾಗಿದ್ದರೆ ಮೊದಲು ಅತ್ತುಕೊಂಡು ಇಲ್ಲಿಗೆ ಬರುತ್ತಿದ್ದೆ.

ಅಕ್ಕ


ಏಪ್ರಿಲ್ 27

ಅಕ್ಕ,

ನಿನ್ನ ಪತ್ರವನ್ನು ತೊಟ್ಟಿಗಳ ಪಕ್ಕದ ಮೆಟ್ಟಿಲ ಮೇಲೆ ಕೂತು ಓದಿದೆ. ಕಣ್ಣಲ್ಲಿ ನೀರು ನೋಡಿ ಫೋರ್‌ಮನ್ "ಆಸಿಡ್ ಹೊಗೆ, ಈ ಕಡೆ ಬನ್ನಿ ಮೇಡಂ" ಎಂದು ಎಬ್ಬಿಸಿದರು. ಎದ್ದುಹೋದೆ.

ಎರಡನೆಯ ಕಾರ್ಖಾನೆಯ ರಾಶಿ ಆಗಲೇ ಬೆಚ್ಚಗಾಗಿತ್ತು. ಮೇಲೆ ಅಂಗೈ ಇಟ್ಟರೆ ಜ್ವರ ಬಂದ ಮಗುವಿನ ಮೈ ಮುಟ್ಟಿದ ಹಾಗೆ. ನೀರು ಹೊಡೆದು ಹೊಡೆದು ದೂರದಿಂದಲೇ ಹರಡಿಸಿದೆವು. ಯಾರಿಗೂ ಏನೂ ಆಗಲಿಲ್ಲ. ಅಲ್ಲಿಂದ ಬರುವಾಗ ಬಸ್ಸಿನಲ್ಲಿ ನಿನ್ನ ಫೆಬ್ರವರಿಯ ಪತ್ರವನ್ನು ಮತ್ತೆ ತೆಗೆದು ಓದಿದೆ. ಅಷ್ಟು ಸ್ಪಷ್ಟವಾಗಿ ನೀನು ಬರೆದಿದ್ದೆ, ತರಿಯಾಗಿ ಬೀಸು ಎಂದು. ಅದು ನಿನ್ನ ಹೊಟ್ಟೆಕಿಚ್ಚು ಎಂದು ತಳ್ಳಿಹಾಕುವುದು ನನಗೆ ಎಷ್ಟು ಸುಲಭವಾಯಿತು!

ಹೊಸ ಹದದ ಮಣ್ಣು ಈ ಲಾರಿಯಲ್ಲಿದೆ. ಎರಡು ಸಲ ತೊಳೆದದ್ದು, ತರಿಯಾಗಿ ಬೀಸಿದ್ದು. ಎಣ್ಣೆ ಮೊದಲಿನಷ್ಟು ತಿಳಿಯಾಗುವುದಿಲ್ಲ. ನನ್ನ ಹೆಮ್ಮೆಯಲ್ಲಿ ಒಂದು ಪಾಲು ಕೆಂಪು ಹಾಗೇ ಉಳಿಯುತ್ತದೆ.

ನಾನು ಬರುವುದಿಲ್ಲ. ಇದನ್ನು ತ್ಯಾಗ ಎಂದುಕೊಂಡು ಅಕ್ಕಪಕ್ಕದವರ ಮುಂದೆ ಕಣ್ಣೊರೆಸಿಕೊಳ್ಳಬೇಡ. ಅಲ್ಲಿಗೆ ಬಂದರೆ ಎಷ್ಟು ದೊಡ್ಡ ಕುರ್ಚಿಯಲ್ಲಿ ಕೂತರೂ ಮತ್ತೆ ನಾನು 'ಅವಳ ತಂಗಿ'. ಬೆಂಕಿಯಿಂದ ಮನುಷ್ಯನನ್ನು ಎಳೆದವಳ ತಂಗಿ ಬೇರೆ. ಆ ನೆರಳಿನಿಂದ ಈ ಜನ್ಮದಲ್ಲಿ ಹೊರಬರಲಾರೆ.

ಆದರೆ ನನಗೆ ಬೇರೊಂದು ಬೇಕು. ಕುರ್ಚಿಗಿಂತ ದೊಡ್ಡದು, ನೀನು ಕೊಡುವುದು ಕಷ್ಟ. ಅಪ್ಪನನ್ನು ಕೆಲವು ತಿಂಗಳ ಮಟ್ಟಿಗೆ ನನ್ನ ಹತ್ತಿರ ಕಳಿಸು. ನಿನ್ನ ಕೈ ವಾಸಿಯಾಗುವವರೆಗೆ ಎಂದು ಲೋಕಕ್ಕೆ ಹೇಳೋಣ. ನಿಜ ಹೇಳಲಾ? ಹುಟ್ಟಿದಾಗಿನಿಂದ ಅಪ್ಪ ನನಗೊಬ್ಬಳಿಗೇ ಸಿಕ್ಕಿದ್ದಿಲ್ಲ. ಅವರ ಎಡಗಿವಿ ಕೇಳುತ್ತದೆ, ಬಲಗಿವಿ ಕೇಳುವುದಿಲ್ಲ ಎಂದು ನನಗೆ ಗೊತ್ತಾದದ್ದೂ ಹೋದ ವರ್ಷದ ನಿನ್ನ ಪತ್ರದಿಂದ. ಅದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ.

ಪಿಟೀಲು


ಮೇ 8

ಪಿಟೀಲು,

ಮೊದಲು ಕೆಲಸದ ಮಾತು. ಹೊಸ ಮಣ್ಣನ್ನು ದೊಡ್ಡ ಪಾತ್ರೆಗೇ ಹಾಕಿ ನೋಡಿದೆವು. ಬಣ್ಣ ಮೊದಲಿನ ಬಾಟಲಿಗಿಂತ ಕೊಂಚ ಹೆಚ್ಚು, ಬೇರೆಲ್ಲರ ಮಣ್ಣಿಗಿಂತ ಎಷ್ಟೋ ಕಡಿಮೆ. ಹುಳಿ ಏರಲಿಲ್ಲ. ಫಿಲ್ಟರಿನಿಂದ ಎಣ್ಣೆ ನಲ್ಲಿ ಬಿಟ್ಟ ಹಾಗೆ ಇಳಿಯಿತು. ಬಹಳ ಒಳ್ಳೆಯ ಮಣ್ಣು ಎಂದು ಎಲ್ಲರೆದುರು ಹೇಳಿದೆ. ಹೇಳುವಾಗ ಇದನ್ನು ನಾನು ಮಾಡಿದ್ದರೆ ಎನಿಸಿತು. ಅದು ಇನ್ನು ಹೋಗುವುದಿಲ್ಲ ಎಂದು ಕಾಣುತ್ತದೆ, ನೀನೂ ಒಗ್ಗಿಕೋ.

ಆ ಕುರ್ಚಿಗೆ ಹೊರಗಿನವರೊಬ್ಬರು ಬಂದಿದ್ದಾರೆ. ನನಗಿಂತ ಚಿಕ್ಕವರು, ಥಳಥಳ ಬೂಟು, ನನ್ನ ಮೇಲೆ ಅಧಿಕಾರ. ಅವರ ಮೇಲೆ ನನಗೆ ಒಂದಿಷ್ಟೂ ಹೊಟ್ಟೆಕಿಚ್ಚಿಲ್ಲ. ಹುಡುಕಿ ನೋಡಿದೆ, ಇಲ್ಲ. ಅದನ್ನು ನಿನಗೊಬ್ಬಳಿಗೇ ಎತ್ತಿಟ್ಟಿದ್ದೇನೆ.

ಈಗ ಅಪ್ಪ. ನಿನ್ನ ಪತ್ರ ಬಂದ ದಿನವೇ ಓದಿ ಹೇಳಲಿಲ್ಲ. ಅದನ್ನು ದಿಂಬಿನ ಕೆಳಗಿಟ್ಟುಕೊಂಡು ಮೂರು ದಿನ ಓಡಾಡಿದೆ. ಕೊನೆಗೆ ಹೇಳಿದೆ. "ಇಲ್ಲ, ನಿನ್ನ ಕೈಗೆ ಹೀಗಾಗಿದೆ, ಬಿಟ್ಟು ಹೇಗೆ ಹೋಗಲಿ" ಎನ್ನಬಹುದು ಎಂದುಕೊಂಡಿದ್ದೆ. ಅವರು "ಲಾರಿ ಎಷ್ಟು ಗಂಟೆಗೆ ಬರುತ್ತೆ?" ಎಂದು ಕೇಳಿದರು. ಅವತ್ತೇ ಶರ್ಟುಗಳನ್ನು ಮಡಚತೊಡಗಿದರು. ನಾನು ಅಡುಗೆಮನೆಗೆ ಹೋಗಿ ಮತ್ತೆ ಪಾತ್ರೆ ಕುಕ್ಕಿದೆ, ಈ ಸಲ ಒಂದೇ ಕೈಯಲ್ಲಿ.

ಈ ಪತ್ರ ಅವರ ಕೈಯಲ್ಲೇ ಇದೆ. ಮೀಸೆಯಣ್ಣ ಕ್ಯಾಬಿನ್ನಿನಲ್ಲಿ ಅವರಿಗೆ ಹಾಸಿಗೆ ಮಡಚಿ ಹಾಕಿದ್ದಾನೆ. ಬೆಳಿಗ್ಗೆ ಎದ್ದ ಕೂಡಲೇ ಬಿಸಿನೀರು ಕೊಡು. ಕನ್ನಡಕವನ್ನು ಬಚ್ಚಲಮನೆಯಲ್ಲಿ ಮರೆಯುತ್ತಾರೆ. ಕೆಮ್ಮು ಬಂದರೆ ಸುಳ್ಳು ಹೇಳುತ್ತಾರೆ, ಎದೆಯ ಮೇಲೆ ಕೈಯಿಟ್ಟು ನೋಡು. ತೊಟ್ಟಿಗಳ ಹತ್ತಿರ ಬಿಡಬೇಡ. ನಿನ್ನ ಮಣ್ಣನ್ನು ನೋಡಬೇಕು ಎಂದು ಹಟ ಹಿಡಿಯುತ್ತಾರೆ. ಆಗ ಒಂದು ಹಿಡಿ ಮನೆಗೇ ತಂದು ತೋರಿಸು.

ಇಲ್ಲಿ ನನ್ನ ಮುಂದೆ ಕೂತು ಅವರು ಇಷ್ಟು ವರ್ಷವೂ ಹೊಗಳಿದ್ದು ದೂರ ಇರುವ ಮಗಳನ್ನು. ಈಗ ದೂರ ಇರುವವಳು ನಾನು. ಅಲ್ಲಿ ಊಟಕ್ಕೆ ಕೂತಾಗ ನನ್ನ ಬಗ್ಗೆ ಏನಾದರೂ ಒಳ್ಳೆಯ ಮಾತು ಹೇಳಿದರೆ, ಹೇಳಿದ್ದನ್ನು ಹೇಳಿದ ಹಾಗೆಯೇ ಬರಿ. ಕೇಳಿ ನಿನಗೆ ಉರಿದರೂ ಬರಿ.

ಏನೂ ಹೇಳದೇ ಹೋದರೆ, ಪಿಟೀಲು, ನೀನೇ ಏನಾದರೊಂದು ಕಟ್ಟಿ ಬರಿ.

ನಿನ್ನ
ಅಕ್ಕ